ತಾನೇ ಸಂಭಾಳಿಸುವ ಎಲೆಕ್ಟ್ರಿಕ್ ಸೈಕಲ್: ಹ್ಯಾಂಡಲ್ ಕೈಗೆ ಒಗ್ಗಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಹ್ಯಾಂಡಲ್‌ಗೆ ಮೋಟಾರ್ ಕೂರಿಸಿದ ಎಲೆಕ್ಟ್ರಿಕ್ ಸೈಕಲ್ ಕಟ್ಟುವ, ಓಡಿಸುವ, ರಿಪೇರಿ ಮಾಡುವ ನಾಲ್ಕಾರು ಜನ ನಾವು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಸೈಕಲ್ ತಂದಾಗ ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಬೀಳಲ್ಲ, ಸರಿ. ಆದ್ರೆ ಹ್ಯಾಂಡಲ್ ನನ್ನದು ಅನ್ಸಲ್ಲ." ಸೈಕಲ್ಲನ್ನು ಬೀಳದ ಹಾಗೆ ಮಾಡಬಹುದು. ಸವಾರನ ಕೈಗೆ ಒಗ್ಗುವ ಹಾಗೆ ಮಾಡುವುದೇ ಕಷ್ಟ. ಅದರಲ್ಲಿ ಅರ್ಧ ಕೆಲಸ ಪ್ರೋಗ್ರಾಂನಲ್ಲಿಲ್ಲ, ಕಬ್ಬಿಣದಲ್ಲಿದೆ.

ತಾನೇ ಸಂಭಾಳಿಸುತ್ತೆ ಅಂದ್ರೆ ನಿಂತಲ್ಲೇ ನಿಲ್ಲುತ್ತಾ?

ಇಲ್ಲ. ನಾವು ಹೇಳುತ್ತಿರುವುದು, ಸೈಕಲ್ ವಾಲುವುದನ್ನು ಸೆನ್ಸರ್ ಗುರುತಿಸಿದಾಗ ಮೋಟಾರ್ ತಾನೇ ಹ್ಯಾಂಡಲ್ ತಿರುಗಿಸಿ ಬ್ಯಾಲೆನ್ಸ್ ಮಾಡುವ ಸೈಕಲ್ ಬಗ್ಗೆ. ಹ್ಯಾಂಡಲ್ ತಿರುಗಿಸಿದ್ದು ಕೆಲಸಕ್ಕೆ ಬರಬೇಕಾದರೆ ಚಕ್ರ ಮುಂದಕ್ಕೆ ಉರುಳುತ್ತಿರಬೇಕು. ನೆದರ್ಲ್ಯಾಂಡ್ಸ್‌ನ ಗಝೆಲ್ ಕಂಪನಿಯೂ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿ 2019ರಲ್ಲಿ ತೋರಿಸಿದ ಮಾದರಿ ಗಂಟೆಗೆ 4 ಕಿ.ಮೀ. ವೇಗದಿಂದ ಮೇಲೆ ಕೆಲಸ ಮಾಡುತ್ತಿತ್ತು. ಅದು ನಿಧಾನ ನಡಿಗೆಯ ವೇಗ. ನಿಂತಲ್ಲೇ ನಿಲ್ಲಿಸಬೇಕು ಅಂದರೆ ಒಳಗೆ ಜೋರಾಗಿ ತಿರುಗುವ ಭಾರದ ಗಾಲಿಯಂಥದ್ದು ಬೇಕಾಗುತ್ತದೆ. ತೂಕ ಜಾಸ್ತಿ, ಬ್ಯಾಟರಿ ಖರ್ಚೂ ಜಾಸ್ತಿ. ನಮ್ಮ ಏರು ರಸ್ತೆಗಳಿಗೆ ಅದು ಹೊಂದುವುದಿಲ್ಲ.

ಸಾದಾ ಸೈಕಲ್ಲೂ ಕೈ ಬಿಟ್ರೆ ನೆಟ್ಟಗೆ ಹೋಗುತ್ತಲ್ಲ? ಮತ್ತೆ ಮೋಟಾರ್ ಯಾಕೆ?

ಹೋಗುತ್ತದೆ, ಆದರೆ ಒಂದು ವೇಗದ ಮೇಲೆ ಮಾತ್ರ. 1899ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ವಿಪಲ್ ಸೈಕಲ್ಲಿನ ಚಲನೆಯ ಸಮೀಕರಣ ಬರೆದರು. ಮುಂದೆ ಬೇರೆ ಸಂಶೋಧಕರು ಅದನ್ನು ಒರೆಗೆ ಹಚ್ಚಿ, ತಿದ್ದಿ 2007ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಲೆಕ್ಕದ ಮಾದರಿ ಸೈಕಲ್, ಯಾರೂ ಹ್ಯಾಂಡಲ್ ಹಿಡಿಯದಿದ್ದರೂ, ಗಂಟೆಗೆ ಸುಮಾರು 15.5 ಕಿ.ಮೀ.ನಿಂದ 21.7 ಕಿ.ಮೀ.ವರೆಗೆ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ಅದಕ್ಕಿಂತ ನಿಧಾನವಾದರೆ ಎಡಕ್ಕೆ ಬಲಕ್ಕೆ ಓಲಾಡುತ್ತಾ, ಓಲಾಟ ದೊಡ್ಡದಾಗುತ್ತಾ ಬೀಳುತ್ತದೆ. ಅದಕ್ಕಿಂತ ಜೋರಾದರೆ ಒಂದೇ ಕಡೆಗೆ ಮೆಲ್ಲಗೆ ವಾಲುತ್ತಾ ಹೋಗುತ್ತದೆ. ಇದು ಅಪಾಯದ್ದಲ್ಲ, ಸವಾರ ತನಗೆ ಗೊತ್ತಿಲ್ಲದೆಯೇ ಸರಿಪಡಿಸಿಬಿಡುತ್ತಾನೆ.

ತಿರುಗುವ ಚಕ್ರದ ಬಲದಿಂದಲೇ ಸೈಕಲ್ ನಿಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆದರೆ ಬ್ರಿಟಿಷ್ ವಿಜ್ಞಾನಿ ಡೇವಿಡ್ ಜೋನ್ಸ್ 1970ರಲ್ಲೇ ಮುಂಚಕ್ರದ ಪಕ್ಕ ಉಲ್ಟಾ ತಿರುಗುವ ಇನ್ನೊಂದು ಚಕ್ರ ಹಾಕಿ, ಆ ಬಲವನ್ನು ಅಳಿಸಿ, ಆರಾಮಾಗಿ ಸವಾರಿ ಮಾಡಿದ್ದರು. ಮುಖ್ಯವಾದ ವಿಷಯ ಬೇರೆ: ಸೈಕಲ್ ಯಾವ ಕಡೆ ಬೀಳುತ್ತದೋ ಆ ಕಡೆಗೇ ಹ್ಯಾಂಡಲ್ ತಿರುಗಬೇಕು. ಆಗ ಚಕ್ರಗಳು ಭಾರದ ಅಡಿಗೆ ಬಂದು ನಿಲ್ಲುತ್ತವೆ.

ಈಗ ನಮ್ಮ ರಸ್ತೆ ನೋಡಿ. ತೀರ್ಥಹಳ್ಳಿ ದಾಟಿದ ಮೇಲಿನ ಏರುಗಳಲ್ಲಿ, ತೋಟದ ಮಣ್ಣುದಾರಿಯಲ್ಲಿ, ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಯಾರು 15 ಕಿ.ಮೀ. ವೇಗದಲ್ಲಿ ಹೋಗುತ್ತಾರೆ? ಸೈಕಲ್ ತನ್ನನ್ನು ತಾನು ನೋಡಿಕೊಳ್ಳಲಾರದ ವೇಗದಲ್ಲೇ ನಮ್ಮ ಹೆಚ್ಚಿನ ಸವಾರಿ. ಮೋಟಾರ್ ಬೇಕಿರುವುದು ಅಲ್ಲಿ.

ತಿರುವಿನಲ್ಲಿ ಯಾರೋ ಹ್ಯಾಂಡಲ್ ಹಿಡಿದು ಎಳೆದ ಹಾಗಾಗುತ್ತೆ ಮಾರಾಯ್ರೆ. ಯಾಕೆ?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಸ್ವಲ್ಪ ಸಾವಧಾನವಾಗಿ ಓದಿ.

ಎಡಕ್ಕೆ ತಿರುಗಬೇಕಾದಾಗ ನೀವು ಮೊದಲು ಮಾಡುವ ಕೆಲಸ ಏನು ಗೊತ್ತಾ? ಹ್ಯಾಂಡಲ್ಲನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತೀರಿ. ಗೊತ್ತಿಲ್ಲದೆಯೇ. ಖಾಲಿ ರಸ್ತೆಯಲ್ಲಿ ಎಡಗೈಯಿಂದ ಎಡ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ ನೋಡಿ, ಸೈಕಲ್ ಎಡಕ್ಕೆ ವಾಲುತ್ತದೆ. ವಾಲಿದ ಮೇಲೆ ಹ್ಯಾಂಡಲ್ ಎಡಕ್ಕೆ ಬರುತ್ತದೆ, ಆಮೇಲೆ ತಿರುವು.

ಮೋಟಾರಿಗೆ ಇದು ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದೇ: ಸೈಕಲ್ ಎಡಕ್ಕೆ ವಾಲುತ್ತಿದೆ. ತಕ್ಷಣ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿ ಸೈಕಲ್ಲನ್ನು ಎತ್ತಿ ನಿಲ್ಲಿಸಲು ನೋಡುತ್ತದೆ. ನೀವು ಬೇಕೆಂದೇ ವಾಲಿಸಿದ್ದನ್ನು ಅದು ಬೀಳುವುದು ಅಂದುಕೊಳ್ಳುತ್ತದೆ. ನಿಮ್ಮ ಕೈ ಒಂದು ಕಡೆ, ಮೋಟಾರ್ ಇನ್ನೊಂದು ಕಡೆ. ಅದೇ ಆ ಎಳೆತ.

ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಮೇಲಿನ ಕೈ ಬಿಗಿಯಾದರೆ ಬರವಣಿಗೆ ಮಗುವಿನದಾಗಿ ಉಳಿಯುವುದಿಲ್ಲ, ಅಲ್ವಾ? ಇಲ್ಲೂ ಹಾಗೆ. ಮೋಟಾರಿನ ಬಲಕ್ಕೆ ಮಿತಿ ಇರಲೇಬೇಕು. ಲೆಕ್ಕ ಸುಲಭ. 60 ಸೆಂ.ಮೀ. ಅಗಲದ ಹ್ಯಾಂಡಲ್ ಅಂದರೆ ನಡುವಿನಿಂದ ಹಿಡಿಗೆ 30 ಸೆಂ.ಮೀ. ಮೋಟಾರ್ 3 ನ್ಯೂಟನ್ ಮೀಟರ್ ತಿರುಚಿದರೆ, ಅದನ್ನು ತಡೆಯಲು ಒಂದು ಕೈಯಲ್ಲಿ 10 ನ್ಯೂಟನ್ ಬೇಕು. ಸುಮಾರು ಒಂದು ಕಿಲೋ ತೂಕ ಎತ್ತಿದಷ್ಟು. ವಯಸ್ಸಾದವರೂ ಇದನ್ನು ತಡೆಯಬಲ್ಲರು. ಇದರ ಎರಡು ಮೂರು ಪಟ್ಟಾದರೆ ಹ್ಯಾಂಡಲ್ ನಿಮ್ಮದಾಗಿ ಉಳಿಯುವುದಿಲ್ಲ. ಕರೆಂಟ್ ಮಿತಿಯನ್ನು, ಮೋಟಾರಿಗೆ ಕರೆಂಟ್ ಕೊಡುವ ಸರ್ಕ್ಯೂಟಾದ ಮೋಟಾರ್ ಡ್ರೈವರ್‌ನಲ್ಲೇ ಹಾಕಿ. ಮೇಲಿನ ಪ್ರೋಗ್ರಾಂ ತಪ್ಪಿದರೂ ಕೆಳಗಿನ ಬೇಲಿ ಉಳಿಯಬೇಕು.

ಎರಡನೆಯ ತಿದ್ದುಪಡಿ ಇನ್ನೂ ಮುಖ್ಯ. ಸೈಕಲ್ ಎಷ್ಟು ವಾಲಿದೆ ಅನ್ನುವುದಕ್ಕೆ ಬಲ ಕೊಡಬೇಡಿ, ಎಷ್ಟು ಬೇಗ ವಾಲುತ್ತಿದೆ ಅನ್ನುವುದಕ್ಕೆ ಕೊಡಿ. ತಿರುವಿನ ನಡುವೆ ಸೈಕಲ್ ವಾಲಿಯೇ ಇರುತ್ತದೆ, ಆದರೆ ವಾಲುವ ವೇಗ ಸೊನ್ನೆ. ಆಗ ಮೋಟಾರ್ ಸುಮ್ನಿರುತ್ತದೆ, ನೀವು ನಿಮ್ಮ ಪಾಡಿಗೆ ತಿರುಗುತ್ತೀರಿ. ತಿರುವಿಗೆ ಇಳಿಯುವಾಗ, ಏಳುವಾಗ ಮಾತ್ರ ಸಣ್ಣ ತಡೆ ಗೊತ್ತಾಗುತ್ತದೆ. ಅಷ್ಟಕ್ಕೆ ಕೈ ಬೇಗ ಒಗ್ಗುತ್ತದೆ.

ಸಾಧ್ಯವಾದರೆ ಹ್ಯಾಂಡಲ್ ಕಾಂಡದಲ್ಲಿ ತಿರುಚುಬಲ ಅಳೆಯುವ ಸೆನ್ಸರ್ ಹಾಕಿ. ಸವಾರ ಗಟ್ಟಿಯಾಗಿ ಒತ್ತಿದ ಕ್ಷಣ ಮೋಟಾರ್ ಸಡಿಲ ಬಿಡಬೇಕು. ಖರ್ಚಿದೆ. ಆದರೆ ಹಾಕಿದ ಸೈಕಲ್ ಮತ್ತು ಹಾಕದ ಸೈಕಲ್ ಎರಡನ್ನೂ ಓಡಿಸಿದವರು ಹಾಕದ್ದನ್ನು ಮತ್ತೆ ಕೇಳುವುದಿಲ್ಲ.

ಎಲ್ಲಿಂದ ಶುರು ಮಾಡಲಿ?

ಹ್ಯಾಂಡಲ್ ಬೇರಿಂಗ್‌ನಿಂದ. ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ.

ಮೋಟಾರ್ ಬೆಲ್ಟ್ ಬಿಚ್ಚಿ. ಇನ್ನೊಬ್ಬರಿಗೆ ಸೀಟು ಒತ್ತಲು ಹೇಳಿ ಮುಂಚಕ್ರವನ್ನು ನೆಲದಿಂದ ಎತ್ತಿ. ಒಂದೇ ಬೆರಳಿನಲ್ಲಿ ಹ್ಯಾಂಡಲ್ಲನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿ. ಎಣ್ಣೆ ಹಾಕಿದ ಬಾಗಿಲಿನಷ್ಟು ಸಲೀಸು ಇರಬೇಕು. ನೇರಕ್ಕೆ ಬಂದಾಗ "ಟಕ್" ಅಂತ ಒಂದು ಗುಳಿಯಲ್ಲಿ ಕೂತ ಹಾಗಾಯಿತಾ? ಬೇರಿಂಗ್ ಬಟ್ಟಲಿನಲ್ಲಿ ಗುಂಡುಗಳು ಕೂತು ಕೂತು ಕುಳಿ ಬಿದ್ದಿವೆ ಅಂತ ಅರ್ಥ. ನಮ್ಮ ಕಡೆ ಉಬ್ಬು, ಗುಂಡಿ ಜಾಸ್ತಿ, ಪ್ರತಿ ಹೊಡೆತವೂ ಅದೇ ಜಾಗಕ್ಕೆ ಬೀಳುತ್ತದೆ. ಬಟ್ಟಲು, ಗುಂಡು ಎರಡನ್ನೂ ಬದಲಾಯಿಸಿ. ಬರೀ ಗ್ರೀಸ್ ತುಂಬಿದರೆ ಕುಳಿ ಹೋಗುವುದಿಲ್ಲ.

ಈ ಕುಳಿ ಯಾಕಿಷ್ಟು ಕಾಟ ಕೊಡುತ್ತದೆ ಅಂದರೆ, ನೇರ ಹೋಗುವಾಗಿನ ತಿದ್ದುಪಡಿಗಳೆಲ್ಲ ಒಂದೆರಡು ಡಿಗ್ರಿಯ ಒಳಗೇ ನಡೆಯುತ್ತವೆ. ಕುಳಿ ಇರುವುದೂ ಅಲ್ಲೇ. ಮೋಟಾರ್ ಸ್ವಲ್ಪ ತಳ್ಳುತ್ತದೆ, ಹ್ಯಾಂಡಲ್ ಅಲ್ಲಾಡುವುದಿಲ್ಲ. ಇನ್ನಷ್ಟು ತಳ್ಳುತ್ತದೆ, ಫಕ್ಕನೆ ಹಾರುತ್ತದೆ. ಆಗ ಉಲ್ಟಾ ತಳ್ಳಬೇಕಾಗುತ್ತದೆ. ಸವಾರನಿಗೆ ಇದು ನಡುಕದ ಹಾಗೆ ಕಾಣುತ್ತದೆ, ಆತ ಪ್ರೋಗ್ರಾಂ ಬಯ್ಯುತ್ತಾನೆ.

ಬಿಗಿತ ಅಳೆಯಲು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಹಿಡಿಯ ತುದಿಗೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. 100 ಗ್ರಾಂಗೇ ಹ್ಯಾಂಡಲ್ ತಿರುಗಿದರೆ ಸುಮಾರು 0.3 ನ್ಯೂಟನ್ ಮೀಟರ್ ಘರ್ಷಣೆ. ಮೋಟಾರ್ ಕೊಡುವುದೇ 3 ಅಂದಾಗ ಇದು ಹತ್ತರಲ್ಲೊಂದು ಭಾಗ. ಇದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬೇರಿಂಗ್ ಹತ್ತಿರ "ಕಟಕಟ" ಅಂದರೆ ಸಡಿಲ ಇದೆ. ಬ್ರೇಕ್ ಕೇಬಲ್, ಮೋಟಾರ್ ವೈರು ಚಿಕ್ಕದಾಗಿದ್ದು ಹ್ಯಾಂಡಲ್ಲನ್ನು ಒಂದು ಕಡೆ ಎಳೆಯುತ್ತಿದೆಯಾ ಅಂತಲೂ ನೋಡಿ.

ಟೈರಿಗೆ ಗಾಳಿ ಎಷ್ಟಿರಬೇಕು?

ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ, ನಿಮ್ಮ ತೂಕಕ್ಕೆ ತಕ್ಕಂತೆ. ಮುಂದಿನ ಟೈರಿಗೆ ಗಾಳಿ ಕಮ್ಮಿಯಾದರೆ ಹ್ಯಾಂಡಲ್ ಅಂಟಿಕೊಂಡ ಹಾಗಾಗುತ್ತದೆ, ಮೋಟಾರ್ ಹೇಳಿದ್ದು ನೆಲಕ್ಕೆ ತಡವಾಗಿ ತಲುಪುತ್ತದೆ. ಏನನ್ನಾದರೂ ತಿದ್ದುವ ಮೊದಲು ಗಾಳಿ ನೋಡಿ. ಪಂಪಿನ ಖರ್ಚಿನಲ್ಲಿ ಮುಗಿಯುವ ದೂರು ಎಷ್ಟೋ ಇರುತ್ತವೆ.

ಮೋಟಾರಿಗೆ ಗೇರ್ ಒಳ್ಳೆಯದಾ, ಬೆಲ್ಟ್ ಒಳ್ಳೆಯದಾ?

ಹ್ಯಾಂಡಲ್ ವಿಷಯದಲ್ಲಿ ನಮ್ಮ ಮತ ಬೆಲ್ಟಿಗೆ, ಅದೂ ಕಡಿಮೆ ಅನುಪಾತದ ಬೆಲ್ಟಿಗೆ. ಸಣ್ಣ ಮೋಟಾರಿಗೆ ದೊಡ್ಡ ಗೇರ್ ಹಾಕಿದರೆ ಅಗ್ಗ, ಬಲವೂ ಸಿಗುತ್ತದೆ. ಆದರೆ ಗೇರ್ ಅನುಪಾತ 10 ಇದ್ದರೆ (ಹ್ಯಾಂಡಲ್ಲಿನ ಒಂದು ಸುತ್ತಿಗೆ ಮೋಟಾರ್ ಹತ್ತು ಸುತ್ತು) ಮೋಟಾರ್ ಒಳಗಿನ ತಿರುಗುವ ಭಾಗದ ಜಡತ್ವ ನಿಮ್ಮ ಕೈಗೆ 100 ಪಟ್ಟಾಗಿ ಬರುತ್ತದೆ. ಅನುಪಾತದ ವರ್ಗ ಅದು. ಮೋಟಾರ್ ಆಫ್ ಇದ್ದರೂ ಹ್ಯಾಂಡಲ್ ಭಾರ. ರಸ್ತೆಯ ಸಣ್ಣ ಕಲ್ಲು, ಜಲ್ಲಿ, ಒದ್ದೆ ಟಾರು ಕೈಗೆ ಹೇಳುವ ಮಾತೆಲ್ಲ ಗೇರಿನಲ್ಲೇ ಸತ್ತುಹೋಗುತ್ತದೆ. ಮೇಲಿಂದ ಹಲ್ಲುಗಳ ನಡುವಿನ ಸಡಿಲ ಬೇರೆ. ದಿಕ್ಕು ಬದಲಾದಾಗಲೆಲ್ಲ ಒಂದು ಖಾಲಿ ಜಾಗ ಬಂದು ಆಮೇಲೆ ತಟ್ಟುತ್ತದೆ.

ಸ್ವಲ್ಪ ದೊಡ್ಡ ವ್ಯಾಸದ ಬ್ರಷ್‌ಲೆಸ್ ಮೋಟಾರ್ ಆರಿಸಿ. ಅಂಗಡಿಯಲ್ಲೇ ಅದರ ದಂಡವನ್ನು ಬೆರಳಲ್ಲಿ ತಿರುಗಿಸಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ತಿರುಗಿದರೆ ಅದನ್ನು ಅಲ್ಲೇ ಬಿಡಿ. ಆ ಮೆಟ್ಟಿಲು ನಾಳೆ ನಿಮ್ಮ ಅಂಗೈಗೆ ಗೊತ್ತಾಗುತ್ತದೆ.

ವಾಲುವುದನ್ನು ಅಳೆಯುವ ಸೆನ್ಸರ್ ಎಲ್ಲಿ ಕೂರಿಸಬೇಕು?

ಫ್ರೇಮಿಗೆ, ಗಟ್ಟಿಯಾಗಿ. ಹ್ಯಾಂಡಲ್‌ಗೆ ಬೇಡ, ಕ್ಯಾರಿಯರ್‌ಗೂ ಬೇಡ, ಅದು ತಾನೇ ಅದುರುತ್ತದೆ. ಸ್ಪಾಂಜ್ ಇಟ್ಟು ಕೂರಿಸುವವರಿದ್ದಾರೆ. ಅದುರಾಟ ಕಡಿಮೆಯಾಗುವುದು ನಿಜ, ಆದರೆ ಸುದ್ದಿಯೂ ತಡವಾಗುತ್ತದೆ. ಪ್ರೋಗ್ರಾಂನಲ್ಲಿ ಭಾರೀ ಫಿಲ್ಟರ್ (ಅದುರಾಟ ಸೋಸುವ ಲೆಕ್ಕ) ಹಾಕಿದರೂ ಇದೇ ಕಥೆ. ನಯವಾಗಿ ಕಾಣುವ ಗ್ರಾಫ್ ಸವಾರನಿಗೆ ನಯವಾಗಿರಬೇಕಿಲ್ಲ. ತಡವಾಗಿ ಬಂದ ಸಹಾಯವೇ ಓಲಾಟ ಹುಟ್ಟಿಸುತ್ತದೆ. ಸೆಕೆಂಡಿಗೆ 100 ಸಲವಾದರೂ ಲೆಕ್ಕ ಆಗಲಿ, ಫಿಲ್ಟರ್ ಹಗುರ ಇರಲಿ.

ಇನ್ನೊಂದು ಸಂಗತಿ. ಎಷ್ಟು ವಾಲಿದ್ದೇವೆ ಅನ್ನುವುದನ್ನು ಆಕ್ಸಿಲರೋಮೀಟರ್ (ಎಳೆತದ ದಿಕ್ಕು ಅಳೆಯುವ ಸೆನ್ಸರ್) ಒಂದರಿಂದ ತಿಳಿಯಲಾಗದು. ಸರಿಯಾದ ತಿರುವಿನಲ್ಲಿ ಗುರುತ್ವವೂ ಹೊರಗೆ ತಳ್ಳುವ ಬಲವೂ ಸೇರಿ ಸೀಟಿನಿಂದ ಚಕ್ರದ ಕಡೆಗೇ, ಸೈಕಲ್ ವಾಲಿದ ಗೆರೆಯಲ್ಲೇ ಬರುತ್ತವೆ. ಎಷ್ಟು ವಾಲಿದ್ದರೂ ಸೆನ್ಸರ್ "ನೆಟ್ಟಗಿದ್ದೇನೆ" ಅನ್ನುತ್ತದೆ. ಹಾಗಾಗಿ ಎಷ್ಟು ಬೇಗ ವಾಲುತ್ತಿದೆ ಅಂತ ಅಳೆಯುವ ಜೈರೋ ಸೆನ್ಸರ್ ಮುಖ್ಯ. ಜೈರೋದ ಸೊನ್ನೆ ಬಿಸಿ, ಚಳಿಗೆ ಸರಿಯುತ್ತದೆ. ಆನ್ ಮಾಡಿದ ಮೇಲೆ ಸ್ಟ್ಯಾಂಡ್ ಮೇಲೆ ಕೆಲವು ಕ್ಷಣ ಅಲ್ಲಾಡಿಸದೆ ಬಿಡಿ, ಅದು ತನ್ನ ಸೊನ್ನೆ ಹುಡುಕಿಕೊಳ್ಳಲಿ. ಆಗುಂಬೆಯ ಚಳಿ ಬೆಳಗಿಗೂ ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನಕ್ಕೂ ಒಂದೇ ಸೊನ್ನೆ ನಡೆಯುವುದಿಲ್ಲ. ಸೈಕಲ್ ಸುಮ್ನೆ ಎಡಕ್ಕೇ ಎಳೆಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಯಾವ ವೇಗಕ್ಕೆ ಎಷ್ಟು ಸಹಾಯ ಕೊಡಬೇಕು?

ನಿಧಾನದಲ್ಲಿ ಜಾಸ್ತಿ, ವೇಗ ಏರಿದಂತೆ ಕಡಿಮೆ, ಸೈಕಲ್ ತನ್ನನ್ನು ತಾನು ನೋಡಿಕೊಳ್ಳುವ ವೇಗ ಬಂದಾಗ ಪೂರ್ತಿ ಸೊನ್ನೆ. ಇಳಿಕೆ ಮೆಟ್ಟಿಲಾಗಿರಬಾರದು, ಇಳಿಜಾರಾಗಿರಬೇಕು. ಒಂದು ವೇಗದಲ್ಲಿ ಫಟ್ ಅಂತ ಆಫ್ ಆದರೆ ಸವಾರನಿಗೆ ಹ್ಯಾಂಡಲ್ ಕಳಚಿದ ಹಾಗಾಗುತ್ತದೆ.

ಇದಕ್ಕೆ ವೇಗ ಸರಿಯಾಗಿ ಗೊತ್ತಿರಬೇಕು. ಚಕ್ರಕ್ಕೆ ಒಂದೇ ಮ್ಯಾಗ್ನೆಟ್ ಹಾಕಿದ ಸ್ಪೀಡ್ ಸೆನ್ಸರ್ ಇಲ್ಲಿ ಸಾಲದು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 4 ಕಿ.ಮೀ.ನಲ್ಲಿ ಎರಡು ಗುರುತುಗಳ ನಡುವೆ 1.9 ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ಬಿದ್ದಾಗಿರುತ್ತದೆ. ಕಡ್ಡಿಗಳಿಗೆ ಹತ್ತಾರು ಮ್ಯಾಗ್ನೆಟ್ ಹಾಕಿ, ಇಲ್ಲವೇ ಬ್ರೇಕ್ ಡಿಸ್ಕಿನ ತೂತುಗಳನ್ನು ಎಣಿಸಿ. ಚಕ್ರದ ನಡುವೆ ಕೂತು ಸೈಕಲ್ ಓಡಿಸುವ ಹಬ್ ಮೋಟಾರಿನ ಹಾಲ್ ಸೆನ್ಸರ್ (ಮೋಟಾರ್ ತಿರುಗಿದ್ದನ್ನು ಗುರುತಿಸುವ ಸೆನ್ಸರ್) ಬಳಸುವುದಾದರೆ ಒಂದು ಎಚ್ಚರಿಕೆ: ಗೇರ್ ಇರುವ ಹಬ್ ಮೋಟಾರಿನೊಳಗೆ ಕ್ಲಚ್ ಇರುತ್ತದೆ. ಪೆಡಲ್ ಬಿಟ್ಟು ಇಳಿಜಾರಿನಲ್ಲಿ ಉರುಳುವಾಗ ಮೋಟಾರ್ ನಿಂತಿರುತ್ತದೆ, ಸೆನ್ಸರ್ ಸೊನ್ನೆ ತೋರಿಸುತ್ತದೆ. ಘಾಟಿ ಇಳಿಯುವ ಸೈಕಲ್ಲಿಗೆ ನಡಿಗೆಯ ವೇಗಕ್ಕೆ ಕೊಡುವಷ್ಟು ಸಹಾಯ ಸಿಕ್ಕಿಬಿಡುತ್ತದೆ. ಮಲೆನಾಡಿನಲ್ಲಿ ಇದನ್ನು ಪರೀಕ್ಷಿಸದೆ ಸೈಕಲ್ ಯಾರ ಕೈಗೂ ಕೊಡಬೇಡಿ.

ಆಗುಂಬೆ ಘಾಟಿ ಇಳಿಯಬಹುದಾ?

ಇಳಿಯಬಹುದು, ಹ್ಯಾಂಡಲ್ ಸಹಾಯ ಆಫ್ ಮಾಡಿ. ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವುಗಳಿವೆ, ಎದುರಿಗೆ ಬಸ್ಸು ಬರುತ್ತಿರುತ್ತದೆ. ಅಲ್ಲಿ ಬೇಕಾದದ್ದು ಬ್ರೇಕು, ಟೈರು, ಮತ್ತು ರಸ್ತೆ ಕೈಗೆ ಗೊತ್ತಾಗುವುದು. ಜೋರಿನಲ್ಲಿ ಮುಂಚಕ್ರ ಅದುರತೊಡಗಿದರೆ ಅದು ಬೇರೆಯೇ ಬಗೆಯ ಓಲಾಟ. ಬಹಳ ಬೇಗದ್ದು. ಈ ಮೋಟಾರ್ ಅದಕ್ಕೆ ಹೇಳಿ ಮಾಡಿಸಿದ್ದಲ್ಲ, ಅದನ್ನು ಹೆಚ್ಚಿಸಲೂಬಹುದು.

ಮಳೆಗಾಲದಲ್ಲಿ ಇದು ಜಾರದ ಹಾಗೆ ಕಾಪಾಡುತ್ತಾ?

ಕಾಪಾಡುವುದಿಲ್ಲ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇವೆ. ಬೀಳುವ ಕಡೆಗೆ ಹ್ಯಾಂಡಲ್ ತಿರುಗಿಸಿ ಎತ್ತುವುದು ಈ ಸೈಕಲ್ಲಿನ ಉಪಾಯ. ಟೈರಿಗೆ ನೆಲ ಸಿಗದಿದ್ದರೆ ಆ ಉಪಾಯವೇ ಇಲ್ಲ. ಪಾಚಿ ಕಟ್ಟಿದ ಸಿಮೆಂಟ್ ಅಂಗಳ, ಕೊಳೆತ ಎಲೆ ಬಿದ್ದ ತಿರುವು, ಜಂಬಿಟ್ಟಿಗೆ ಮಣ್ಣಿನ ಕೆಸರು, ಇಲ್ಲೆಲ್ಲ ಇಳಿದು ತಳ್ಳಿ.

ಮಳೆಯ ಇನ್ನೊಂದು ಕೆಲಸ ಕಾಣದ ಹಾಗೆ ನಡೆಯುತ್ತದೆ. ಮುಂಚಕ್ರ ಎರಚಿದ ಕೆಸರುನೀರು ಹ್ಯಾಂಡಲ್ ಬೇರಿಂಗ್‌ನ ಕೆಳಗಿನ ಬಟ್ಟಲಿಗೇ ಹೋಗುತ್ತದೆ. ಗ್ರೀಸ್ ತೊಳೆದು ತುಕ್ಕು ಹಿಡಿಸುತ್ತದೆ. ಉದ್ದನೆಯ ಮಡ್‌ಗಾರ್ಡ್ ಹಾಕಿ. ಜೂನ್‌ಗೆ ಮೊದಲು ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ ಬಿಚ್ಚಿ ಹೊಸ ಗ್ರೀಸ್ ಹಾಕಿ. ಕನೆಕ್ಟರ್‌ಗಳ ಬಾಯಿ ಕೆಳಮುಖ ಇರಲಿ, ವೈರ್ ಅದರೊಳಗೆ ಹೋಗುವ ಮೊದಲು ಒಂದು ಬಾಗು ಇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಹಾಲಿನ ಕ್ಯಾನ್ ಒಂದೇ ಕಡೆ ನೇತುಹಾಕಿ ಡೇರಿಗೆ ಹೋಗ್ತೀನಿ. ಸೈಕಲ್ ಕಿತ್ತಾಡುತ್ತೆ.

ಒಂದೇ ಕಡೆ ಭಾರ ಇದ್ದರೆ ಸೈಕಲ್ ಇನ್ನೊಂದು ಕಡೆ ಸ್ವಲ್ಪ ವಾಲಿಯೇ ಬ್ಯಾಲೆನ್ಸ್ ಆಗುತ್ತದೆ. ವಾಲಿದ್ದನ್ನು ನೋಡಿ ಬಲ ಕೊಡುವ ಪ್ರೋಗ್ರಾಂ ಇದ್ದರೆ ದಾರಿಯುದ್ದಕ್ಕೂ ಅದು ಎಳೆಯುತ್ತಲೇ ಇರುತ್ತದೆ. ವಾಲುವ ವೇಗ ನೋಡುವ ಪ್ರೋಗ್ರಾಂಗೆ ಈ ಕಾಟ ಇಲ್ಲ. ಆದರೂ ಎರಡು ಕ್ಯಾನಿಗೆ ಹಂಚಿ, ಕೆಳಗೆ ಕಟ್ಟಿ. ಹ್ಯಾಂಡಲ್‌ಗೆ ಮಾತ್ರ ಏನನ್ನೂ ನೇತುಹಾಕಬೇಡಿ. ಅಲ್ಲಿ ತೂಗುವ ಚೀಲ ಹ್ಯಾಂಡಲ್ಲನ್ನು ತಾನೇ ತಿರುಗಿಸುತ್ತದೆ, ಮೋಟಾರ್ ಅದರ ಜೊತೆ ಗುದ್ದಾಡುತ್ತದೆ.

ಅಪ್ಪನಿಗೆ ಎಪ್ಪತ್ತಾಯ್ತು. ಅವರಿಗೆ ಕೊಡಿಸಲಾ?

ಅವರು ಈಗಲೂ ಸೈಕಲ್ ಹೊಡೆಯುತ್ತಿದ್ದರೆ ಕೊಡಿಸಿ. ಏರಿನಲ್ಲಿ ಓಲಾಡುವುದು, ಹಿಂದಿರುಗಿ ನೋಡುವಾಗ ಸರಿದುಹೋಗುವುದು, ಹಾರ್ನ್‌ಗೆ ಬೆಚ್ಚುವುದು, ಇಲ್ಲೆಲ್ಲ ನಿಜವಾಗಿ ಸಹಾಯವಾಗುತ್ತದೆ. ಹತ್ತುವಾಗ ಇಳಿಯುವಾಗ ಮಾತ್ರ ಸಹಾಯವಿಲ್ಲ, ಆಗ ವೇಗವೇ ಇರುವುದಿಲ್ಲ. ಅದಕ್ಕೆ ನಡುವಿನ ಕಂಬಿ ಕೆಳಗಿರುವ ಫ್ರೇಮ್, ಎರಡೂ ಪಾದ ನೆಲಕ್ಕೆ ಸಿಗುವಷ್ಟು ತಗ್ಗಿನ ಸೀಟು ಬೇಕು. ಮೊದಲ ದಿನ ಪೂರ್ತಿ ಸಹಾಯ ಕೊಡಬೇಡಿ. ತುಂಬಾ ವರ್ಷ ಸೈಕಲ್ ಹೊಡೆದ ಕೈಗೆ ಅದು ಪರಕೀಯ ಅನಿಸುತ್ತದೆ, ಅವರು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಗಟ್ಟಿ ಹಿಡಿದ ಕೈಗೆ ಮೋಟಾರಿನ ಮಾತು ಕೇಳಿಸುವುದಿಲ್ಲ. ಸ್ವಲ್ಪದರಿಂದ ಶುರು ಮಾಡಿ, ದಿನ ಕಳೆದಂತೆ ಏರಿಸಿ.

ನಡುದಾರಿಯಲ್ಲಿ ಬ್ಯಾಟರಿ ಮುಗಿದ್ರೆ?

ಸಾದಾ ಸೈಕಲ್ ಆಗಬೇಕು, ಅಷ್ಟೇ. ಆದರೆ ಒಂದು ಪರೀಕ್ಷೆ ಮಾಡಿ. ಕೆಲವು ಡ್ರೈವರ್‌ಗಳು ದೋಷ ಕಂಡಾಗ ಮೋಟಾರಿನ ವೈರುಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತವೆ. ಆಗ ಮೋಟಾರ್ ಬ್ರೇಕಿನ ಹಾಗೆ ವರ್ತಿಸಿ ಹ್ಯಾಂಡಲ್ ಜಡವಾಗುತ್ತದೆ. ದೋಷ ಬಂದಾಗ ವೈರುಗಳು ಬಿಟ್ಟುಕೊಳ್ಳುವ ಹಾಗೆ ಸೆಟ್ ಮಾಡಿ. ನಿಂತ ಸೈಕಲ್ಲಿನಲ್ಲಿ ಫ್ಯೂಸ್ ಕಿತ್ತು ಹ್ಯಾಂಡಲ್ ತಿರುಗಿಸಿ ನೋಡಿದರೆ, ಕರೆಂಟ್ ಇಲ್ಲದಾಗ ಅದು ಸಲೀಸಾಗಿದೆಯಾ ಅಂತ ಗೊತ್ತಾಗುತ್ತದೆ.

ಡೆಲ್ಫ್ಟ್‌ನಲ್ಲಿ ಹ್ಯಾಂಡಲ್‌ಗೂ ಫೋರ್ಕಿಗೂ ಕಬ್ಬಿಣದ ನಂಟೇ ಇಲ್ಲದ, ವೈರಿನ ಮೂಲಕವೇ ತಿರುಗುವ ಸೈಕಲ್ ಕಟ್ಟಿ ಸಂಶೋಧನೆ ಮಾಡಿದ್ದಾರೆ. ಹ್ಯಾಂಡಲ್ಲಿನ ಅನುಭವವನ್ನು ಮೋಟಾರೇ ಕೊಡುತ್ತದೆ. ಕಲಿಯಲು ಅದ್ಭುತ ಸಾಧನ. ದಿನನಿತ್ಯ ಓಡಿಸುವ ಸೈಕಲ್ಲಿನಲ್ಲಿ ಆ ನಂಟನ್ನು ಕತ್ತರಿಸಬೇಡಿ.

ಲೈಸೆನ್ಸ್ ಬೇಕಾ?

ಸೈಕಲ್ ಓಡಿಸುವ ಮೋಟಾರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಕೇಂದ್ರ ಮೋಟಾರು ವಾಹನ ನಿಯಮದ ಉಳಿದ ಷರತ್ತುಗಳಿಗೂ ಹೊಂದಿದರೆ ಅದನ್ನು ಮೋಟಾರು ವಾಹನ ಅಂತ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಕಿಲ್ಲ.

ಸರಿಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ. ನೆಲದ ಮೇಲೆ ಸುಣ್ಣದಲ್ಲಿ ಉದ್ದನೆಯ ಗೆರೆ ಎಳೆಯಿರಿ. ಅದರ ಮೇಲೆ ನಡಿಗೆಯ ವೇಗದಲ್ಲಿ ಹೋಗಿ, ಆಮೇಲೆ ಕೋನ್ ಇಟ್ಟು ಹಾವಿನ ಹಾಗೆ ಸುತ್ತಿ. ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಿ. ಅಂಕಿ ಬದಲಾಯಿಸುವವರು ಬೇರೆ, ಓಡಿಸುವವರು ಬೇರೆ ಇರಲಿ. ಎಷ್ಟಿಟ್ಟಿದ್ದಾರೆ ಅನ್ನುವುದು ಸವಾರನಿಗೆ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ಮೊದಲೇ ತೀರ್ಪು ಕೊಟ್ಟಿರುತ್ತದೆ. ನಡುನಡುವೆ ಸಹಾಯ ಸೊನ್ನೆ ಇಟ್ಟೂ ಓಡಿಸಿ.

ಸವಾರ ಇಳಿದಾಗ "ಹೇಗಿತ್ತು?" ಅಂತ ಕೇಳುವ ಮೊದಲು ಹಿಡಿಯ ರಬ್ಬರ್ ಮುಟ್ಟಿ, ಅಂಗೈ ನೋಡಿ. ರಬ್ಬರ್ ಬೆವರಿ ಒದ್ದೆಯಾಗಿದ್ದರೆ, ಬೆರಳ ಗೆಣ್ಣು ಬಿಳಿಚಿಕೊಂಡಿದ್ದರೆ ಮೋಟಾರ್ ಇನ್ನೂ ಜಾಸ್ತಿ ಮಾತಾಡುತ್ತಿದೆ. ಬಲ ಇಳಿಸಿ, ಮತ್ತೆ ಗೆರೆಯ ಮೇಲೆ ಕಳಿಸಿ.